ಸಿಟ್ಟಿಗೆ ಇಂಗ್ಲಿಷಿನಲ್ಲಿ ಯಾವ ಪದ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕೆಲಸಕ್ಕಾಗಿ ಇಂಗ್ಲಿಷ್ ಮಾತಾಡಲೇಬೇಕಾದವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ನರ್ಸಿಂಗ್ ಮುಗಿಸಿ ಗಲ್ಫಿಗೆ ಹೊರಟವರು, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಹೋಟೆಲ್ ರಿಸೆಪ್ಷನ್ನಿನವರು, ಪಿಯುಸಿ ಮಕ್ಕಳು ಎಲ್ಲರೂ ಬರುತ್ತಾರೆ. ಹೆಚ್ಚಿನವರ ಬಳಿ ಸಿಟ್ಟಿಗೆ ಇರುವುದು ಒಂದೇ ಪದ, ಆ್ಯಂಗ್ರಿ. ಸಿಟ್ಟು ಜಾಸ್ತಿಯಾದರೆ ವೆರಿ ಆ್ಯಂಗ್ರಿ. ಮನೆಯಲ್ಲಿ ಇದೇ ಜನ ಕಿರಿಕಿರಿ ಬೇರೆ, ಮುನಿಸು ಬೇರೆ, ರೋಷ ಬೇರೆ, ಸೆಡವು ಬೇರೆ ಎಂದು ಯೋಚಿಸದೆಯೇ ಬಿಡಿಸಿ ಮಾತಾಡುತ್ತಾರೆ. ಅಷ್ಟು ಸೂಕ್ಷ್ಮ ತಿಳಿದವರು ಇಂಗ್ಲಿಷಿಗೆ ಬಂದಾಗ ಒಂದೇ ಪದಕ್ಕೆ ಅಂಟಿಕೊಳ್ಳಬೇಕಾಗಿಲ್ಲ. ತರಗತಿಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಆ್ಯಂಗ್ರಿ ಅಂದರೆ ಎಲ್ಲರಿಗೂ ಅರ್ಥ ಆಗುತ್ತದಲ್ಲ, ಮತ್ತೆ ಬೇರೆ ಪದ ಯಾಕೆ?

ಅರ್ಥವಾಗುವ ಮಟ್ಟಿಗೆ ಸಾಕು. ಆದರೆ ಆ್ಯಂಗ್ರಿ ನಮ್ಮ ‘ಕೋಪ’ದ ಹಾಗೆ ಎಲ್ಲದಕ್ಕೂ ಒಗ್ಗುವ ಪದ. ಸಿಟ್ಟು ಬಂದಿದೆ ಎಂದಷ್ಟೇ ಅದು ತಿಳಿಸುತ್ತದೆ, ಎಂಥ ಸಿಟ್ಟು ಎಂದು ತಿಳಿಸುವುದಿಲ್ಲ. ಅದಲ್ಲದೆ ಕೆಲವು ಕಡೆ ಅದು ತೀರಾ ಒರಟು. ಮೇಲಧಿಕಾರಿಗೆ ಬರೆಯುವ ಮೇಲ್‌ನಲ್ಲಿ ‘ಐ ಆ್ಯಮ್ ಆ್ಯಂಗ್ರಿ’ ಎಂದರೆ ಜಗಳಕ್ಕೆ ನಿಂತಂತೆ ಕೇಳುತ್ತದೆ. ಅಲ್ಲಿ ‘ಐ ಆ್ಯಮ್ ಡಿಸಪಾಯಿಂಟೆಡ್’ ಎಂದು ಬರೆದರೆ ವಿಷಯ ಮುಟ್ಟುತ್ತದೆ, ಮಾತು ಮುಂದುವರಿಯಲು ದಾರಿಯೂ ಉಳಿಯುತ್ತದೆ.

ಪದ ಆರಿಸುವ ಮೊದಲು ನೋಡಬೇಕಾದದ್ದು ಸಿಟ್ಟು ಯಾಕೆ ಬಂತು, ಎಷ್ಟು ಕಾಲ ನಿಂತಿತು, ಹೊರಗೆ ಕಾಣಿಸಿತೋ ಒಳಗೇ ಉಳಿಯಿತೋ ಎಂಬುದನ್ನು. ಎಷ್ಟು ಜೋರು ಎನ್ನುವುದು ಆಮೇಲೆ. ನಮ್ಮಲ್ಲಿ ಹೆಚ್ಚಿನವರು ಜೋರಿನಿಂದಲೇ ಶುರು ಮಾಡುತ್ತಾರೆ. ಹಾಗಾಗಿ ಎಲ್ಲ ಪದಗಳೂ ಒಂದೇ ಏಣಿಯ ಮೆಟ್ಟಿಲುಗಳಂತೆ ಕಾಣುತ್ತವೆ, ಕೆಳಗೆ ಅನಾಯ್ಡ್, ಮೇಲೆ ಫ್ಯೂರಿಯಸ್. ಹಾಗೆ ಉರುಹೊಡೆದ ಪಟ್ಟಿ ಪರೀಕ್ಷೆಗೆ ಆಗಬಹುದು, ಮಾತಿಗೆ ಒದಗುವುದಿಲ್ಲ.

ಅನಾಯ್ಡ್, ಇರಿಟೇಟೆಡ್, ಎಕ್ಸಾಸ್ಪರೇಟೆಡ್ ಮೂರೂ ಒಂದೇ ಅಲ್ಲವಾ?

ಅಲ್ಲ. ಒಂದು ಬಸ್ ಪ್ರಯಾಣದಲ್ಲೇ ಮೂರನ್ನೂ ನೋಡಬಹುದು.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿ ಬಸ್ ಹತ್ತಿ ಕೂತಿದ್ದೀರಿ. ಬಿಡುವ ಹೊತ್ತು ದಾಟಿದೆ, ಕಂಡಕ್ಟರ್ ಇನ್ನೂ ಬಾಗಿಲಲ್ಲಿ ನಿಂತು ಜನ ಕರೆಯುತ್ತಿದ್ದಾನೆ. ‘ಎಂತ ಮಾರಾಯ್ರೆ, ಹೊರಡುವ ಅಂದಾಜು ಉಂಟಾ ಇಲ್ವಾ?’ ಈ ಹೊತ್ತಿನ ನಿಮ್ಮ ಭಾವ ಅನಾಯ್ಡ್. ಬಸ್ ಹೊರಟ ಕೂಡಲೇ ಮರೆತುಹೋಗುತ್ತದೆ. ನಮ್ಮ ಊರಿನವರು ‘ಎಂತ ಸಾವು ಇದು’ ಎನ್ನುವುದು ಹೆಚ್ಚಾಗಿ ಇಂಥ ಕಡೆಯೇ.

ಬಸ್ ಹೊರಟಿತು. ಪಕ್ಕದಲ್ಲಿ ಕೂತವನು ಮೊಬೈಲಿನಲ್ಲಿ ಜೋರಾಗಿ ರೀಲ್ಸ್ ನೋಡುತ್ತಿದ್ದಾನೆ. ಸುರತ್ಕಲ್ ದಾಟಿತು, ಮೂಲ್ಕಿ ದಾಟಿತು, ಅದೇ ಹಾಡಿನ ಅದೇ ತುಣುಕು ಮತ್ತೆ ಮತ್ತೆ ಬರುತ್ತಿದೆ. ಈಗ ನೀವು ಇರಿಟೇಟೆಡ್. ಚರ್ಮದ ಉರಿ, ತುರಿಕೆಗೆ ಡಾಕ್ಟರುಗಳು ಹೇಳುವ ಇರಿಟೇಶನ್ ಇದೇ ಪದ. ಸಣ್ಣದೊಂದು ಸಂಗತಿ ಬಿಡದೆ ತಾಗುತ್ತಲೇ ಇರಬೇಕು, ಆಗ ಈ ಪದ ಸರಿ. ಕನ್ನಡದ ‘ಕಿರಿಕಿರಿ’ ಇದಕ್ಕೆ ಬಹಳ ಹತ್ತಿರ.

ಅಷ್ಟರಲ್ಲಿ ಚಿಲ್ಲರೆ ಬರಬೇಕು. ಟಿಕೆಟ್ ತೆಗೆದಾಗ ಕಂಡಕ್ಟರ್ ‘ಮತ್ತೆ ಕೊಡ್ತೇನೆ’ ಅಂದ. ಮೂಲ್ಕಿಯಲ್ಲಿ ಕೇಳಿದಿರಿ, ಪಡುಬಿದ್ರಿಯಲ್ಲಿ ಕೇಳಿದಿರಿ, ಕಾಪುವಿನಲ್ಲಿ ಕೇಳಿದಾಗಲೂ ಅದೇ ಉತ್ತರ. ಕೈಚೆಲ್ಲಿ ಸೀಟಿಗೆ ಒರಗಿದಿರಲ್ಲ, ಅದು ಎಕ್ಸಾಸ್ಪರೇಟೆಡ್. ಇದರಲ್ಲಿ ಸಿಟ್ಟಿನಷ್ಟೇ ಸುಸ್ತೂ ಇದೆ. ತಾಳ್ಮೆಯಿಂದ ಪ್ರಯತ್ನಪಟ್ಟು, ಆ ತಾಳ್ಮೆ ಮುಗಿದವರು ಮಾತ್ರ ಎಕ್ಸಾಸ್ಪರೇಟೆಡ್ ಆಗುವುದು ಸಾಧ್ಯ. ಕನ್ನಡದಲ್ಲಿ ‘ರೋಸಿಹೋದೆ’ ಎನ್ನುತ್ತೇವೆ, ಅದೇ. ಮಕ್ಕಳನ್ನು ಸಂಭಾಳಿಸುವ ಅಮ್ಮಂದಿರ ಬಗ್ಗೆ ಇಂಗ್ಲಿಷಿನವರು ಈ ಪದ ಬಹಳ ಬಳಸುತ್ತಾರೆ.

ಇರಿಟೇಟೆಡ್, ಇರಿಟಬಲ್ ಎರಡಕ್ಕೂ ವ್ಯತ್ಯಾಸ ಉಂಟಾ?

ಉಂಟು. ಇರಿಟೇಟೆಡ್ ಎಂದರೆ ಈಗ ಕಿರಿಕಿರಿಯಾಗಿದೆ. ಇರಿಟಬಲ್ ಎಂದರೆ ಯಾವುದಕ್ಕೂ ಸಿಡುಕುವ ಸ್ಥಿತಿ: ನಿದ್ದೆಗೆಟ್ಟವರು, ಜ್ವರದ ಮಕ್ಕಳು. ಹುಟ್ಟು ಸ್ವಭಾವವೇ ಹಾಗಿದ್ದರೆ, ಮೂಗಿನ ತುದಿಯಲ್ಲೇ ಕೋಪ ಇದ್ದರೆ, ಶಾರ್ಟ್ ಟೆಂಪರ್ಡ್.

ಇಲ್ಲೇ ಒಂದು ಮಾತು. ಕನ್ನಡದಲ್ಲಿ ‘ಅವನಿಗೆ ಟೆಂಪರ್ ಜಾಸ್ತಿ’ ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಟೆಂಪರ್ ಎನ್ನುವುದು ಮೊದಲು ಮನಸ್ಸಿನ ಹದಕ್ಕೆ ಇದ್ದ ಪದ. ಅದಕ್ಕೇ ಸಿಟ್ಟು ಬಂದವರು ಟೆಂಪರ್ ಕಳೆದುಕೊಂಡರು ಎನ್ನುವುದು. ಕಳೆದುಹೋಗುವುದು ಹದ.

‘ವೆರಿ ಫ್ಯೂರಿಯಸ್’ ಎಂದು ಬರೆದರೆ ತಪ್ಪಾ?

ವ್ಯಾಕರಣ ತಪ್ಪು ಎಂದು ಯಾರೂ ಅಂಕ ಕಳೆಯಲಿಕ್ಕಿಲ್ಲ, ಆದರೆ ಕಿವಿಗೆ ಹಿತವಿಲ್ಲ. ಫ್ಯೂರಿಯಸ್‌ನೊಳಗೇ ‘ಬಹಳ’ ಇದೆ. ‘ಕೆಂಡಾಮಂಡಲವಾದ’ ಎಂದ ಮೇಲೆ ‘ತುಂಬಾ ಕೆಂಡಾಮಂಡಲವಾದ’ ಎನ್ನುತ್ತೇವೆಯೇ? ಒತ್ತು ಬೇಕೇ ಬೇಕು ಅಂದರೆ ‘ಆ್ಯಬ್ಸಲ್ಯೂಟ್ಲಿ ಫ್ಯೂರಿಯಸ್’ ಅನ್ನಿ. ಲಿವಿಡ್ ಕೂಡ ಇದೇ ಗುಂಪಿನದು. ಆ ಪದ ಮೂಲದಲ್ಲಿ ಪೆಟ್ಟು ಬಿದ್ದ ಚರ್ಮದ ಕಂದುನೀಲಿ ಬಣ್ಣಕ್ಕೆ, ಈಗ ಬ್ರಿಟನ್ನಿನಲ್ಲಿ ಮಾತಿನ ನಡುವೆ ‘ಶಿ ವಾಸ್ ಲಿವಿಡ್’ ಎಂದರೆ ಅವಳಿಗೆ ವಿಪರೀತ ಸಿಟ್ಟು ಬಂದಿತ್ತು ಎಂದೇ.

ರೇಜ್ ಸ್ವಲ್ಪ ಬೇರೆ. ಅದರಲ್ಲಿ ಹಿಡಿತ ತಪ್ಪಿರುತ್ತದೆ, ಕೈ ಎತ್ತುವುದಕ್ಕೂ ಹೇಸದ ಸಿಟ್ಟು. ಹುಚ್ಚುನಾಯಿ ರೋಗಕ್ಕೆ ಹೇಳುವ ರೇಬೀಸ್ ಮತ್ತು ಈ ರೇಜ್ ಒಂದೇ ಲ್ಯಾಟಿನ್ ಬೇರಿನವು ಎಂದು ಗೊತ್ತಾದರೆ ಆ ಛಾಯೆ ಮತ್ತೆ ಮರೆಯುವುದಿಲ್ಲ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡಿದ್ದಕ್ಕೆ ಕಾರು ಅಡ್ಡ ಹಾಕಿ ಇಳಿದು ಹೊಡೆಯಲು ಬರುವುದಕ್ಕೆ ರೋಡ್ ರೇಜ್ ಎನ್ನುತ್ತಾರೆ. ಅದನ್ನು ರೋಡ್ ಆ್ಯಂಗರ್ ಎಂದು ಯಾರೂ ಹೇಳುವುದಿಲ್ಲ.

ರಾಥ್, ಐಯರ್ ಎಲ್ಲಿ ಬಳಸಬೇಕು?

ಮಾತಿನಲ್ಲಿ ಎಲ್ಲೂ ಬೇಡ. ರಾಥ್ ಬೈಬಲ್ಲಿನ, ಪುರಾಣದ ಪದ, ದೇವರ ಕೋಪ, ಋಷಿಯ ಕೋಪ. ಕ್ರೈಸ್ತ ಪರಂಪರೆ ಎಣಿಸುವ ಏಳು ಮಹಾಪಾಪಗಳಲ್ಲಿ ಇದೂ ಒಂದು. ಬ್ರಿಟನ್ನಿನಲ್ಲಿ ರಾಥ್, ಅಮೆರಿಕದಲ್ಲಿ ರ್‍ಯಾಥ್ ಎನ್ನುತ್ತಾರೆ. ಬರೆಯುವಾಗ ಮೊದಲು ಬರುವ ಡಬ್ಲ್ಯುವನ್ನು ಎರಡೂ ಕಡೆ ಉಚ್ಚರಿಸುವುದಿಲ್ಲ. ಐಯರ್ ಈಗ ಪತ್ರಿಕೆಯ ತಲೆಬರಹದಲ್ಲಿ ಉಳಿದುಕೊಂಡಿದೆ, ಮೂರೇ ಅಕ್ಷರದ್ದಾದ್ದರಿಂದ ಅಲ್ಲಿ ಜಾಗ ಉಳಿಸುತ್ತದೆ.

ಯಕ್ಷಗಾನದ ರೌದ್ರಕ್ಕೆ ಯಾವ ಇಂಗ್ಲಿಷ್ ಪದ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ನಾಟ್ಯಶಾಸ್ತ್ರದಲ್ಲಿ ರೌದ್ರ ರಸಕ್ಕೆ ಸ್ಥಾಯಿಭಾವ ಕ್ರೋಧ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಅಬ್ಬರಕ್ಕೆ ಫ್ಯೂರಿ ಸರಿಹೊಂದುತ್ತದೆ. ರೋಮನ್ನರ ಪುರಾಣದಲ್ಲಿ ಸೇಡಿನ ದೇವತೆಗಳಿಗೇ ಫ್ಯೂರಿಗಳು ಎಂದು ಹೆಸರಿತ್ತು, ಹಾಗಾಗಿ ಆ ಪದದಲ್ಲಿ ಅಮಾನುಷ ಶಕ್ತಿಯ ಸುಳಿವು ಇನ್ನೂ ಇದೆ.

ಆದರೆ ಕೌರವರ ಸಭೆಯನ್ನು ನೋಡಿ. ತಾಳಮದ್ದಳೆಯಲ್ಲಿ ಎಷ್ಟೋ ಸಲ ಕೇಳಿದ ಸನ್ನಿವೇಶ. ಸಿಟ್ಟಿನ ಪದಗಳನ್ನೆಲ್ಲ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಗದೆ ಹಿಡಿದು ಹಲ್ಲು ಕಡಿಯುವ ಭೀಮನದು ರೇಜ್, ಅಣ್ಣ ತಡೆಯದಿದ್ದರೆ ಅಲ್ಲೇ ನುಗ್ಗುವವನು. ಮಯಸಭೆಯಲ್ಲಿ ಜಾರಿ ನಗೆಪಾಟಲಾದದ್ದನ್ನು ಒಳಗೇ ಇಟ್ಟುಕೊಂಡು ಬಂದ ದುರ್ಯೋಧನನದು ರಿಸೆಂಟ್‌ಮೆಂಟ್. ತುಟಿ ಬಿಗಿಹಿಡಿದು, ಒಂದು ಮಾತೂ ಆಡದೆ ಒಳಗೊಳಗೇ ಬೇಯುವ ಅರ್ಜುನನನ್ನು ಸೀದಿಂಗ್ ಎನ್ನಬಹುದು. ಸೀದ್ ಎನ್ನುವುದು ಮೊದಲು ಅಡುಗೆಮನೆಯ ಪದವಾಗಿತ್ತು, ಕುದಿ ಎಂದೇ ಅರ್ಥ. ಇನ್ನು, ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು ಎಂದು ತುಂಬಿದ ಸಭೆಯಲ್ಲಿ ಕೇಳುವ ದ್ರೌಪದಿಯದು ಇಂಡಿಗ್ನೇಶನ್. ಅವಳ ಸಿಟ್ಟಿಗೆ ಕಾರಣ ಇದೆ, ವಾದ ಇದೆ, ಎದುರಿಗಿರುವವರು ಉತ್ತರ ಕೊಡಲೇಬೇಕು ಎನ್ನುವ ಹಕ್ಕು ಇದೆ. ಅದನ್ನು ಫ್ಯೂರಿ ಎಂದು ಬರೆದರೆ ಅವಳ ಪ್ರಶ್ನೆ ಬಿದ್ದುಹೋಗುತ್ತದೆ.

ದೂರ್ವಾಸ ಮುನಿಗೆ? ಇರ್‍ಯಾಸಿಬಲ್. ಕಾರಣ ಸಣ್ಣದಾದರೂ ಥಟ್ಟನೆ ಸಿಟ್ಟಾಗುವವರು ಎಂದು ಅರ್ಥ.

ಇಂಡಿಗ್ನೇಶನ್ ಬಗ್ಗೆ ಇನ್ನೂ ಸ್ವಲ್ಪ ಹೇಳಿ. ‘ರೋಷ’ ಎನ್ನಬಹುದಾ?

ರೋಷ, ಆಕ್ರೋಶ ಎರಡೂ ಹತ್ತಿರ ಬರುತ್ತವೆ, ಆದರೆ ಅವುಗಳಲ್ಲಿ ಅನ್ಯಾಯದ ಮಾತು ಇರಲೇಬೇಕೆಂದಿಲ್ಲ. ಇಂಡಿಗ್ನೇಶನ್‌ಗೆ ಅದು ಬೇಕೇ ಬೇಕು. ಘನತೆಗೆ ಹೇಳುವ ಡಿಗ್ನಿಟಿ ಮತ್ತು ಇದು ಒಂದೇ ಬೇರಿನವು. ‘ಇದು ಯಾರಿಗೂ ಆಗಬಾರದು’ ಎಂದು ಹುಟ್ಟುವ ಸಿಟ್ಟು ಇದು. ನಿಮ್ಮ ಕಾಲು ಯಾರೋ ತುಳಿದರೆ ಆ್ಯಂಗ್ರಿ ಆಗುತ್ತೀರಿ. ವಯಸ್ಸಾದ ಅಜ್ಜಿಯೊಬ್ಬರು ಇಳಿಯುವ ಮೊದಲೇ ಕಂಡಕ್ಟರ್ ರೈಟ್ ಕೊಟ್ಟು, ಅವರು ರಸ್ತೆಗೆ ಬಿದ್ದಾಗ ಇಡೀ ಬಸ್ಸಿಗೆ ಬರುವ ಸಿಟ್ಟು ಇಂಡಿಗ್ನೇಶನ್. ನಿಮಗೇನೂ ಆಗಿಲ್ಲ, ಆದರೂ ಸುಮ್ಮನೆ ಕೂರಲಾಗುವುದಿಲ್ಲ.

ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತರ ಮಕ್ಕಳಿಗೆ ಶಾಲೆ ನಡೆಸಿದ ಕುದ್ಮುಲ್ ರಂಗರಾವ್ ಅವರನ್ನು ನಮ್ಮ ಊರಿನವರು ಮರೆಯುವಂತಿಲ್ಲ. ಸ್ವಂತ ಜಾತಿಯವರ ವಿರೋಧ ಎದುರಿಸಿಯೂ ಅವರು ಆ ಕೆಲಸ ಬಿಡಲಿಲ್ಲ. ಆ ಹಟದ ಹಿಂದೆ ಕರುಣೆ ಇದ್ದದ್ದು ನಿಜ. ಕರುಣೆಯ ಜತೆ ಇಂಡಿಗ್ನೇಶನ್ನೂ ಇತ್ತು ಎಂದು ನಾನು ನಂಬುತ್ತೇನೆ. ಬರೀ ಕರುಣೆಯಿಂದ ಅಷ್ಟು ವರ್ಷ ಊರಿಗೆ ಎದುರಾಗಿ ನಿಲ್ಲುವುದು ಕಷ್ಟ.

ಪತ್ರಿಕೆಗೆ, ಪಂಚಾಯತಿಗೆ ಅಥವಾ ಇಲಾಖೆಗೆ ಇಂಗ್ಲಿಷಿನಲ್ಲಿ ದೂರು ಬರೆಯುವವರು ಈ ಪದವನ್ನು ಕಲಿಯಲೇಬೇಕು.

ಔಟ್‌ರೇಜ್ ಅಂದರೆ ಔಟ್ ಆದ ರೇಜ್ ತಾನೇ?

ಹಾಗೆ ಕಾಣುತ್ತದೆ, ಹಾಗಲ್ಲ. ಫ್ರೆಂಚಿನಿಂದ ಬಂದ ಈ ಪದದ ಮೂಲ ಲ್ಯಾಟಿನ್ನಿನ ‘ಅಲ್ಟ್ರಾ’, ಅಂದರೆ ಮೇರೆ ದಾಟಿದ್ದು. ಮೊದಲು ಅದು ಮಿತಿಮೀರಿದ ಕೃತ್ಯದ ಹೆಸರು. ಆ ಕೃತ್ಯ ನೋಡಿ ಜನರಿಗೆ ಬರುವ ಸಿಟ್ಟಿಗೂ ಆಮೇಲೆ ಅದೇ ಹೆಸರಾಯಿತು.

ಹಳೆಯ ಅರ್ಥ ನಮ್ಮ ಕಾನೂನಿನಲ್ಲಿ ಇನ್ನೂ ಜೀವಂತ. ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದ ಹಲ್ಲೆಗೆ ಭಾರತೀಯ ದಂಡ ಸಂಹಿತೆಯ 354ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ ಬಂದಿದೆ. ಎರಡರ ಇಂಗ್ಲಿಷ್ ಪಠ್ಯದಲ್ಲೂ ಇರುವ ಕ್ರಿಯಾಪದ ಔಟ್‌ರೇಜ್. ಅಲ್ಲಿ ಯಾರಿಗೋ ಸಿಟ್ಟು ಬಂತು ಎಂಬ ಅರ್ಥ ಇಲ್ಲವೇ ಇಲ್ಲ, ಮರ್ಯಾದೆಯ ಗೆರೆ ಮೀರಿದ್ದೇ ಅಪರಾಧ. ಲಾ ಕಾಲೇಜಿನ ಮಕ್ಕಳು ಇದನ್ನು ಸಿಟ್ಟಿನ ಪದ ಎಂದುಕೊಂಡು ಓದಿದರೆ ಸೆಕ್ಷನ್ನಿನ ತಿರುಳೇ ತಪ್ಪುತ್ತದೆ.

‘ಮುನಿಸು’ ಇಂಗ್ಲಿಷಿನಲ್ಲಿ ಏನು?

ಒಂದೇ ಪದದಲ್ಲಿ ಸಿಗುವುದಿಲ್ಲ. ಮುನಿಸಿನಲ್ಲಿ ಪ್ರೀತಿ ಇದೆ, ನಮ್ಮವರ ಮೇಲೆ ಮಾತ್ರ ಮುನಿಯುವುದು. ಮುಖ ಊದಿಸಿಕೊಂಡು ಮಾತು ಬಿಟ್ಟು ಕೂರುವುದಕ್ಕೆ ಸಲ್ಕ್ ಎನ್ನುತ್ತಾರೆ, ಆದರೆ ಸಲ್ಕ್ ಎಂದಾಗ ಸ್ವಲ್ಪ ತಿರಸ್ಕಾರ ಸೇರುತ್ತದೆ, ದೊಡ್ಡವರ ಬಗ್ಗೆ ಹೇಳಿದರೆ ಮಕ್ಕಳ ಹಾಗೆ ಆಡುತ್ತಿದ್ದಾರೆ ಎಂದಾಗುತ್ತದೆ. ಸಣ್ಣ ಮಾತಿಗೆ ಬೇಸರಪಟ್ಟುಕೊಂಡರೆ ಮಿಫ್ಡ್. ಸೆಡವಿನಿಂದ ಎದ್ದುಹೋದರೆ ‘ಇನ್ ಅ ಹಫ್’. ಹುಸಿಮುನಿಸಿಗೆ ‘ಪ್ರಿಟೆಂಡಿಂಗ್ ಟು ಬಿ ಕ್ರಾಸ್’, ಅಂದರೆ ಸಿಟ್ಟು ಬಂದಂತೆ ನಟಿಸುವುದು, ಎಂದು ಬಿಡಿಸಿ ಹೇಳುವುದೇ ಸರಿ. ಪದಕ್ಕೆ ಪದ ಹುಡುಕಿ ಅರ್ಥ ಕೆಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಮುನಿಸು ಕರಗದೆ ವರ್ಷಗಟ್ಟಲೆ ಉಳಿದರೆ ಗ್ರಜ್. ಅದನ್ನು ‘ಹೋಲ್ಡ್’ ಮಾಡುತ್ತಾರೆ ಅಥವಾ ‘ಬೇರ್’ ಮಾಡುತ್ತಾರೆ. ತೆಂಗಿನ ತೋಟದ ಗಡಿಯ ವಿಷಯಕ್ಕೆ ಎರಡು ಮನೆಯವರು ತಲೆಮಾರಿನಿಂದ ಮಾತು ಬಿಟ್ಟಿದ್ದರೆ ಅದು ಗ್ರಜ್. ರಿಸೆಂಟ್‌ಮೆಂಟ್ ಇದರ ಹತ್ತಿರದ್ದು, ಆದರೆ ಹೆಚ್ಚಾಗಿ ಒಂದು ಘಟನೆಗಿಂತ ದಿನವೂ ನಡೆಯುವ ಅಸಮಾನತೆಯಿಂದ ಹುಟ್ಟುತ್ತದೆ. ಅಣ್ಣನಿಗೆ ಇಂಗ್ಲಿಷ್ ಮೀಡಿಯಂ, ತನಗೆ ಮನೆಗೆಲಸ ಎಂದು ಬೆಳೆದ ತಂಗಿಯ ಎದೆಯಲ್ಲಿ ಇರುವುದು ಅದು. ಪದದ ಮೂಲಾರ್ಥ ‘ಮತ್ತೆ ಅನುಭವಿಸು’.

‘ಮಂಡೆಬಿಸಿ’ಗೆ ಆ್ಯಂಗ್ರಿ ಅನ್ನಬಹುದಾ?

ಬೇಡ. ತುಳುವಿನ ‘ಮಂಡೆ ಬೆಚ್ಚ’ ಆಗಲಿ ನಮ್ಮ ಕನ್ನಡದ ‘ಮಂಡೆಬಿಸಿ’ ಆಗಲಿ ಹೆಚ್ಚಾಗಿ ಚಿಂತೆ, ತಾಪತ್ರಯ. ‘ಲೋನಿನ ಮಂಡೆಬಿಸಿ’ ಎಂದರೆ ವರಿಡ್ ಅಥವಾ ಸ್ಟ್ರೆಸ್ಡ್. ‘ಅವನದ್ದೊಂದು ಮಂಡೆಬಿಸಿ’ ಎಂದಾಗ ಮಾತ್ರ ಅನಾಯಿಂಗ್ ಕಡೆ ವಾಲುತ್ತದೆ. ಘಟ್ಟದ ಮೇಲಿನವರು ‘ತಲೆ ಬಿಸಿಯಾಯ್ತು’ ಎಂದು ಸಿಟ್ಟಿಗೂ ಹೇಳುವುದನ್ನು ಕೇಳಿದ್ದೇನೆ, ಆದ್ದರಿಂದ ಯಾರು ಹೇಳಿದರು ಎಂಬುದನ್ನೂ ನೋಡಿ.

ಆ್ಯಂಗ್ರಿ ಆನ್ ಮಿ, ಆ್ಯಂಗ್ರಿ ವಿತ್ ಮಿ: ಯಾವುದು ಸರಿ?

ಆ್ಯಂಗ್ರಿ ವಿತ್ ಮಿ. ‘ನನ್ನ ಮೇಲೆ ಕೋಪ’ ಎಂಬ ನಮ್ಮ ‘ಮೇಲೆ’ಯೇ ಇಂಗ್ಲಿಷಿಗೆ ಹೋಗಿ ‘ಆನ್’ ಆಗುತ್ತದೆ. ವ್ಯಕ್ತಿಯ ಮೇಲಾದರೆ ವಿತ್ ಅಥವಾ ಆ್ಯಟ್, ವಿಷಯದ ಬಗ್ಗೆ ಆದರೆ ಅಬೌಟ್. ‘ಡೋಂಟ್ ಆ್ಯಂಗ್ರಿ’ ಅನ್ನಬೇಡಿ, ‘ಡೋಂಟ್ ಬಿ ಆ್ಯಂಗ್ರಿ’.

ಇದಕ್ಕಿಂತ ಆಳದ ವ್ಯತ್ಯಾಸ ವಾಕ್ಯದ ಕಟ್ಟಿನಲ್ಲಿದೆ. ಕನ್ನಡದಲ್ಲಿ ಕೋಪ ನಮಗೆ ‘ಬರುತ್ತದೆ’. ನೆಗಡಿ ಬಂದಂತೆ, ನಗು ಬಂದಂತೆ ತಾನಾಗಿ ಬಂದು ಹೋಗುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯನೇ ಆ್ಯಂಗ್ರಿ ‘ಆಗುತ್ತಾನೆ’. ಈ ತಿರುವು ನಾಲಿಗೆಗೆ ಹತ್ತಲು ಸಮಯ ಬೇಕು. ‘ನನಗೆ’ ಎಂದು ಮನಸ್ಸಿನಲ್ಲಿ ಬಂದ ಕೂಡಲೇ ‘ಐ’ ಎಂದು ಶುರು ಮಾಡುವುದನ್ನು ಅಭ್ಯಾಸ ಮಾಡಿ, ಉಳಿದದ್ದು ಹಿಂದೆಯೇ ಬರುತ್ತದೆ. ಮತ್ತೆ, ಆ್ಯಂಗರ್‌ನಲ್ಲಿ ‘ಗ’ ಸ್ಪಷ್ಟವಾಗಿ ಕೇಳಬೇಕು, ಡೇಂಜರ್‌ನ ‘ಜ’ ಅಲ್ಲಿಗೆ ತರಬೇಡಿ.

ಮ್ಯಾಡ್ ಎಂದರೆ ಹುಚ್ಚು ಅಲ್ಲವಾ? ಅಮೆರಿಕದಲ್ಲಿರುವ ಅಕ್ಕ ಸಿಟ್ಟಿಗೆ ಅದನ್ನೇ ಹೇಳುತ್ತಾಳೆ.

ಅಕ್ಕ ಸರಿಯಾಗಿಯೇ ಹೇಳುತ್ತಾರೆ. ಅಮೆರಿಕದಲ್ಲಿ ಮ್ಯಾಡ್ ದಿನನಿತ್ಯದ ಸಿಟ್ಟಿನ ಪದ, ಬ್ರಿಟನ್ನಿನಲ್ಲಿ ಮೊದಲು ಹೊಳೆಯುವುದು ಹುಚ್ಚು. ಬ್ರಿಟನ್ನಿನವರು ಮನೆಯಲ್ಲಿ, ಅದರಲ್ಲೂ ಮಕ್ಕಳ ಜತೆ, ಕ್ರಾಸ್ ಎನ್ನುತ್ತಾರೆ. ಇಂಗ್ಲಿಷ್ ಸೀರೀಸ್‌ಗಳಲ್ಲಿ ಕೇಳುವ ‘ಪಿಸ್ಡ್ ಆಫ್’ ಅಸಭ್ಯ, ಕೆಲಸದ ಜಾಗದಲ್ಲಿ ಬೇಡವೇ ಬೇಡ. ‘ಆಫ್’ ಬಿಟ್ಟರೆ ಬ್ರಿಟನ್ನಿನಲ್ಲಿ ಕುಡಿದು ತೂರಾಡುತ್ತಿದ್ದಾನೆ ಎಂದಾಗುತ್ತದೆ.

ನಾನು ನರ್ಸ್. ರೋಗಿ ಸಿಟ್ಟು ಮಾಡಿದ್ದನ್ನು ನೋಟ್ಸ್‌ನಲ್ಲಿ ಹೇಗೆ ಬರೆಯಲಿ?

ಆದಷ್ಟು ಕಂಡದ್ದನ್ನು ಬರೆಯಿರಿ. ದನಿ ಎತ್ತರಿಸಿದರು, ಮಾತ್ರೆ ಬೇಡವೆಂದರು, ತಟ್ಟೆ ತಳ್ಳಿದರು. ‘ಪೇಶೆಂಟ್ ವಾಸ್ ಆ್ಯಂಗ್ರಿ’ ಎಂದರೆ ನಿಮ್ಮ ಊಹೆ ದಾಖಲೆಗೆ ಸೇರಿದಂತೆ. ಭಾವದ ಪದ ಬೇಕಿದ್ದರೆ ‘ಅಪಿಯರ್ಡ್ ಅಪ್‌ಸೆಟ್’ ಅನ್ನಿ. ಅಪ್‌ಸೆಟ್ ಎನ್ನುವುದರಲ್ಲಿ ನೋವು, ಸಿಟ್ಟು, ಆತಂಕ ಮೂರಕ್ಕೂ ಜಾಗ ಇದೆ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ.

ಆ್ಯಜಿಟೇಟೆಡ್ ಎಂಬ ಪದವನ್ನು ಮಾತ್ರ ಎಚ್ಚರದಿಂದ ಬಳಸಿ. ಆಸ್ಪತ್ರೆಯಲ್ಲಿ ಅದಕ್ಕೆ ತನ್ನದೇ ಅರ್ಥ ಇದೆ: ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಆಕ್ಸಿಜನ್ ಕಡಿಮೆಯಾದಾಗ, ಸಕ್ಕರೆ ಇಳಿದಾಗ, ನೋವು ತಡೆಯದಾದಾಗಲೂ ಅದು ಬರುತ್ತದೆ. ಡಾಕ್ಟರು ಆ ಪದ ಓದಿದ ಕೂಡಲೇ ಕಾರಣ ಹುಡುಕಲು ಶುರು ಮಾಡುತ್ತಾರೆ. ಊಟ ತಣ್ಣಗಿತ್ತು ಎಂದು ರೇಗಿದವರಿಗೆ ಅದನ್ನು ಬರೆದರೆ ದಾರಿ ತಪ್ಪಿಸಿದಂತೆ. ನಿಜವಾಗಿ ಚಡಪಡಿಸುತ್ತಿರುವವರನ್ನು ಬರೀ ಸಿಟ್ಟು ಎಂದು ಬರೆದರೆ ಅಪಾಯ.

‘ಪಿತ್ತ ನೆತ್ತಿಗೇರಿತು’ ಎಂಬಂಥ ಮಾತು ಇಂಗ್ಲಿಷಿನಲ್ಲಿ ಉಂಟಾ?

ಉಂಟು. ಹಳೆಯ ಗ್ರೀಕ್ ವೈದ್ಯದಲ್ಲೂ ಸಿಟ್ಟಿಗೆ ಕಾರಣ ಪಿತ್ತವೇ. ಪಿತ್ತಕ್ಕೆ ಅವರು ಹೇಳುತ್ತಿದ್ದ ಪದದಿಂದ ಕೊಲೆರಿಕ್ ಬಂತು, ಮುಂಗೋಪಿ ಎಂದು ಅರ್ಥ. ‘ಕಣ್ಣು ಕೆಂಪಾಯಿತು’ ಎನ್ನುವ ಕಡೆ ‘ಸೀ ರೆಡ್’ ಇದೆ. ‘ಫ್ಲೈ ಆಫ್ ದ ಹ್ಯಾಂಡಲ್’ ಅಮೆರಿಕದ್ದು, ಬೀಸಿದ ಕೊಡಲಿಯ ತಲೆ ಹಿಡಿಯಿಂದ ಕಳಚಿ ಹಾರಿದಂತೆ. ಹಸಿವಿನ ಸಿಡುಕಿಗೆ ಹಂಗ್ರಿ ಮತ್ತು ಆ್ಯಂಗ್ರಿ ಸೇರಿಸಿ ಹ್ಯಾಂಗ್ರಿ ಎನ್ನುತ್ತಾರೆ, 2018ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು.

ಯಾವ ಡಿಕ್ಷನರಿ ನೋಡಬೇಕು?

ಕನ್ನಡದಿಂದ ಹೊರಡುವವರಿಗೆ 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲೇ ಪ್ರಕಟವಾದ ಕಿಟ್ಟೆಲ್ ನಿಘಂಟು ಇದೆ. ಕನಲು, ಕೆರಳು, ಮುನಿ ಇವುಗಳ ಒಳಸುಳಿ ತಿಳಿಯಲು ಅದು ಬೇಕು. ಆದರೆ ಅದರ ಇಂಗ್ಲಿಷ್ ಆ ಕಾಲದ್ದು, ಅಲ್ಲಿಂದ ಎತ್ತಿ ಇವತ್ತಿನ ಮೇಲ್‌ಗೆ ಹಾಕಬೇಡಿ. ಇಂದಿನ ಬಳಕೆಗೆ ಉದಾಹರಣೆ ವಾಕ್ಯಗಳಿರುವ, ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟು ಸಾಕು. ಅರ್ಥ ಓದಿ ಮುಚ್ಚಿಡಬೇಡಿ, ವಾಕ್ಯ ಓದಿ.

ಎದುರಿನವರಿಗೆ ಸಿಟ್ಟು ಬಂದಾಗ ‘ಕಾಮ್ ಡೌನ್’ ಅನ್ನಬಹುದಾ?

ಗಿರಾಕಿಗೆ, ರೋಗಿಯ ಮನೆಯವರಿಗೆ ಅದನ್ನು ಹೇಳಬೇಡಿ. ಇಂಗ್ಲಿಷಿನಲ್ಲಿ ಅದು ಆಜ್ಞೆಯ ಹಾಗೆ ಕೇಳುತ್ತದೆ, ಸಿಟ್ಟು ಇಮ್ಮಡಿಯಾಗುತ್ತದೆ. ನೀವು ಹೋಟೆಲ್ ಕೌಂಟರಿನಲ್ಲಿದ್ದೀರಿ, ಬುಕ್ ಮಾಡಿದ ರೂಮು ಸಿಗಲಿಲ್ಲ ಎಂದು ಒಬ್ಬರು ಮೇಜು ಕುಟ್ಟುತ್ತಿದ್ದಾರೆ. ಆಗ ‘ಐ ಅಂಡರ್‌ಸ್ಟ್ಯಾಂಡ್ ವೈ ಯು ಆರ್ ಅಪ್‌ಸೆಟ್’ ಎಂದು ಶುರು ಮಾಡಿ, ಕೂಡಲೇ ಏನು ಮಾಡುತ್ತೀರಿ ಎಂದು ತಿಳಿಸಿ. ಅವರಿಗೆ ನಿಜವಾಗಿ ಬಂದಿರುವುದು ಫ್ಯೂರಿಯೇ ಆಗಿದ್ದರೂ ಅವರೆದುರು ಹೇಳಬೇಕಾದ ಪದ ಅಪ್‌ಸೆಟ್. ‘ಯು ಆರ್ ಆ್ಯಂಗ್ರಿ’ ಎಂದರೆ ಅವರ ನಡತೆಯನ್ನು ಎತ್ತಿ ಆಡಿದಂತೆ, ‘ಅಪ್‌ಸೆಟ್’ ಎಂದರೆ ಅವರಿಗಾದ ತೊಂದರೆಯನ್ನು ಒಪ್ಪಿಕೊಂಡಂತೆ. ಫೋನಿನಲ್ಲಾದರೆ ಈ ಮಾತು ಹೇಳಿ ಸ್ವಲ್ಪ ಬಿಡುವು ಕೊಡಿ, ಅವರಿಗೆ ಹೇಳಬೇಕಾದದ್ದು ಇನ್ನೂ ಇರುತ್ತದೆ.